ಗೋಡೆಗೆ ರೋಲರ್ ಹಿಡಿಯುವ ಮುನ್ನ

ಹಬ್ಬ ಬಂತೆಂದರೆ ಮನೆಗೆ ಸುಣ್ಣ-ಬಣ್ಣ ಆಗಲೇಬೇಕು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಂತೂ ಈ ಸಡಗರ ವರ್ಷಕ್ಕೊಮ್ಮೆ ಬಂದು ಹೋಗುವಂಥದ್ದಲ್ಲ. ರಂಜಾನ್, ಸೆಪ್ಟೆಂಬರ್ 8ರ ಸಂತ ಮೇರಿಯ ಹಬ್ಬ, ದೀಪಾವಳಿ, ಕ್ರಿಸ್‌ಮಸ್ ಎಂದು ಒಂದಲ್ಲ ಒಂದು ಓಣಿಯಲ್ಲಿ ಬಣ್ಣದ ವಾಸನೆ ಇದ್ದೇ ಇರುತ್ತದೆ. ಕೂಲಿಯ ಖರ್ಚು ಉಳಿಸಲು ಮನೆಯವರೇ ರೋಲರ್ ಹಿಡಿಯುವುದೂ ಉಂಟು.

1927ರಲ್ಲಿ ಕಟ್ಟಿದ ಈ ಮಾರುಕಟ್ಟೆಯ ಕಾಲದ ಗೋಡೆಗಳು ಗಾರೆಯವು. ಅವುಗಳಿಗೆ ಸುಣ್ಣವೇ ಬಣ್ಣ. ಶಾಲೆಯ ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದಲ್ಲವೆ? ಗೋಡೆಯ ಮೇಲೆ ನಡೆಯುವುದೂ ಅದೇ ಕ್ರಿಯೆ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಗಟ್ಟಿಯಾಗುತ್ತದೆ. ಅದರ ಸೂಕ್ಷ್ಮ ರಂಧ್ರಗಳಿಂದ ಗೋಡೆಯ ತೇವ ಹೊರಹೋಗುತ್ತದೆ.

ಎಮಲ್ಷನ್ ಬಣ್ಣದ ರೀತಿಯೇ ಬೇರೆ. ಅದರಲ್ಲಿ ಅಂಟಿನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಕೂಡಿಕೊಂಡು ತೆಳುವಾದ ಪದರವಾಗುತ್ತವೆ. ಗೋಡೆ ತೇವವಾಗಿದ್ದರೆ ಈ ಪದರ ಉಬ್ಬಿ, ಚಕ್ಕೆಚಕ್ಕೆಯಾಗಿ ಏಳುತ್ತದೆ. ಆದ್ದರಿಂದ ಮೊದಲು ಸೋರುವಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆಯೇ ಪ್ರೈಮರ್, ಆಮೇಲೆ ಬಣ್ಣ.

ಬಣ್ಣ ಎಷ್ಟು ಬೇಕು? ಮಕ್ಕಳಿಗೆ ಇದೊಂದು ಒಳ್ಳೆಯ ಲೆಕ್ಕ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರವಿದೆ ಎನ್ನೋಣ. ಸುತ್ತಳತೆ 44 ಅಡಿ. ನಾಲ್ಕು ಗೋಡೆಗಳ ವಿಸ್ತೀರ್ಣ 440 ಚದರ ಅಡಿ. ಬಾಗಿಲು, ಕಿಟಕಿಗೆ 40 ಕಳೆದರೆ 400. ಎರಡು ಕೋಟಿಗೆ 800. ಒಂದು ಕೋಟಿನಲ್ಲಿ ಲೀಟರಿಗೆ 130 ಚದರ ಅಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಸುಮಾರು 6 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು.

ರೋಲರಿನ ನೂಲು ಬಣ್ಣವನ್ನು ಹೀರುವುದು ದೀಪದ ಬತ್ತಿ ಎಣ್ಣೆ ಹೀರುವ ಹಾಗೆಯೇ. ಹೆಚ್ಚು ಅದ್ದಿದರೆ ಸೋರುತ್ತದೆ, ವೇಗವಾಗಿ ಉರುಳಿಸಿದರೆ ಹನಿ ಸಿಡಿಯುತ್ತದೆ. ತಟ್ಟೆಯ ಇಳಿಜಾರಿನಲ್ಲಿ ಉರುಳಿಸಿ ಹೆಚ್ಚಿನ ಬಣ್ಣ ಇಳಿಸಬೇಕು. ಮೂಲೆ, ಅಂಚುಗಳಿಗೆ ಮೊದಲು ಬ್ರಷ್. ಅದು ಆರುವ ಮುನ್ನವೇ ರೋಲರ್. ಒಂದು ಗೋಡೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಪಟ್ಟೆ ಕಾಣುತ್ತದೆ.

ಆದರೆ ನಿಜವಾದ ಅಪಾಯ ಇರುವುದು ಬಣ್ಣ ಬಳಿಯುವಾಗಲ್ಲ, ಹಳೆಯ ಬಣ್ಣ ಕೆರೆಯುವಾಗ. ಹಿಂದೆ ಬಾಗಿಲು, ಕಿಟಕಿ, ಸರಳುಗಳಿಗೆ ಬಳಿದ ಎನಾಮಲ್ ಬಣ್ಣಗಳಲ್ಲಿ ಹೊಳಪಿಗೂ ಬೇಗ ಒಣಗಲಿಕ್ಕೂ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಿದರೆ ಸೀಸ ದೂಳಾಗಿ ನೆಲಕ್ಕೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗಿಡುತ್ತದೆ. ದೇಹ ಸೇರಿದ ಸೀಸ ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ. ಕಲಿಕೆ, ಏಕಾಗ್ರತೆ ಕುಗ್ಗುತ್ತವೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ಈ ಬಗ್ಗೆ ದೇಶವನ್ನು ಎಚ್ಚರಿಸಿದ್ದು ಬೆಂಗಳೂರು ಎಂಬುದು ಹೆಮ್ಮೆಯ ಸಂಗತಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸೀಸಕ್ಕೆಂದೇ ರಾಷ್ಟ್ರೀಯ ಕೇಂದ್ರ ರೂಪುಗೊಂಡಿತು. 2016ರಲ್ಲಿ ಹೊರಡಿಸಿದ ಕೇಂದ್ರದ ನಿಯಮದಂತೆ, 2017ರ ನವೆಂಬರ್‌ನಿಂದ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಆದರೆ ನಿಯಮ ಹೊಸ ಡಬ್ಬಿಗೆ ಅನ್ವಯವೇ ಹೊರತು, ಹಳೆಯ ಕಿಟಕಿಯ ಮೇಲೆ ಕುಳಿತ ಪದರಗಳಿಗಲ್ಲ.

ಆದ್ದರಿಂದ ಹಳೆಯ ಬಣ್ಣವನ್ನು ನೀರು ಹಚ್ಚಿ, ನೀರಿಗೆ ತಾಳುವ ಉಪ್ಪುಕಾಗದದಿಂದಲೇ ಉಜ್ಜಿ. ಬೆಂಕಿ ತೋರಿಸಿ ಬಣ್ಣ ಎಬ್ಬಿಸಬೇಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಮಕ್ಕಳು, ಗರ್ಭಿಣಿಯರು ಆ ದಿನ ಆ ಕೋಣೆಗೆ ಬರುವುದು ಬೇಡ. ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಕೈಕಾಲು ತೊಳೆದ ಮೇಲೆಯೇ ಊಟಕ್ಕೆ ಕೂಡಿ. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣದ ಬಗ್ಗೆ ಏನು ಬರೆದಿದೆಯೆಂದು ಓದುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಅವರು ಓದಿದ ರಸಾಯನಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದಿದೆ?