ಶ್ರಾವಣದ ನಿಂಬೆ, ಬ್ಯಾಸಗಿಯ ಶರಬತ್ತು

ಶಿರಹಟ್ಟಿ ಸೀಮೆಯ ನನ್ನ ಮಸಾರಿ ಹೊಲದಲ್ಲಿ, ಕೃಷಿಹೊಂಡದ ದಂಡೆಗೆ ಎಂಟು ನಿಂಬೆ ಗಿಡ ಅದಾವ. ಬ್ಯಾಸಗಿಯಲ್ಲಿ ರೇಟು ಇದ್ದಾಗ ಅವು ಕಾಯಿ ಬಿಡೂದಿಲ್ಲ. ಮಳಿಗಾಲದಲ್ಲಿ ಕೇಳೋರಿಲ್ಲದಾಗ ಸುರೀತಾವ. 2018ರ ಶ್ರಾವಣದಲ್ಲಿ ಎರಡು ಚೀಲ ಹಣ್ಣು ಪ್ಯಾಟಿಗೆ ಒಯ್ದೆ. ಬಸ್ಸಿನ ಲಗೇಜು, ಹಮಾಲಿ, ದಲಾಲಿ ಕಳೆದು ಉಳಿದದ್ದು ಇಬ್ಬರ ಚಾಕ್ಕ ಸಾಕಾಯಿತು.

ಮನಿಯಾಕಿ ಅಂದಳು, "ಹಣ್ಣು ಇಡಾಕ ಬರೂದಿಲ್ಲ, ರಸ ಇಡಾಕ ಬರತೈತಲ್ರಿ?" ಸರಿ, ಸಿರಪ್ ಮಾಡಿದೆವು. ಆದರೆ ಸಕ್ಕರೆಗೆ ರೊಕ್ಕ ಹೋಗುತ್ತದೆಂದು ನಾನು ಕೈ ಬಿಗಿ ಹಿಡಿದೆ. ಲೀಟರ್ ರಸಕ್ಕೆ ಒಂದೇ ಕಿಲೋ ಸಕ್ಕರೆ, ಒಂದು ಲೀಟರ್ ನೀರು. ಮೂರನೇ ವಾರ ನಡುರಾತ್ರಿ ಅಟ್ಟದ ಮ್ಯಾಲೆ ಮುಚ್ಚಳ ಸಿಡಿಯತೊಡಗಿದವು. ಕಳ್ಳರು ಬಂದರೆಂದು ಬಡಿಗಿ ಹಿಡಿದು ಎದ್ದೆ. ಇಪ್ಪತ್ತೆರಡು ಬಾಟ್ಲಿ ಹುಳಿತು ಹೋದವು.

ಆಗ ತಿಳಿಯಿತು, ಸಿರಪ್ಪಿನಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಕಾವಲಿಗೆ. ಸಕ್ಕರೆ ದಟ್ಟವಾಗಿದ್ದರೆ ಹುಳಿ ಬರಿಸುವ ಸೂಕ್ಷ್ಮ ಜೀವಿಗಳಿಗೆ ನೀರು ಸಿಗೂದಿಲ್ಲ. ಸರಕಾರದ ನಿಯಮದಲ್ಲೂ ಹಣ್ಣಿನ ಸಿರಪ್ಪಿನಲ್ಲಿ ರಸ ನೂರಕ್ಕೆ 25, ಕರಗಿದ ಸಿಹಿ ಅಂಶ 65 ಕಡಿಮೆಯಾಗಬಾರದು. ಹುಬ್ಬಳ್ಳಿಯ ಹೋಟೆಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಓಣಿಯ ಹುಡುಗ, "ಕಾಕಾ, ನಾವು ಸಕ್ಕರೆ, ನೀರು ಸಮಸಮ ಹಾಕ್ತೀವಿ" ಎಂದ. ಅವರಿಗೆ ಫ್ರಿಜ್ ಐತಿ, ಅಲ್ಲಿ ನಾಲ್ಕು ದಿನಕ್ಕ ಖಾಲಿ ಆಗತೈತಿ. ನಮ್ಮದು ಎಂಟು ತಿಂಗಳು ಅಟ್ಟದ ಮ್ಯಾಲೆ ಕೂಡಬೇಕು.

ಈಗಿನ ನಮ್ಮ ಲೆಕ್ಕ: ಐವತ್ತು-ಅರವತ್ತು ಹಣ್ಣಿಗೆ ಒಂದು ಲೀಟರ್ ರಸ. ಅದಕ್ಕೆ ಸಕ್ಕರೆ 2 ಕಿಲೋ 600 ಗ್ರಾಂ, ನೀರು 400 ಮಿಲಿ. ನೀರು ಕಾಯಿಸಿ ಸಕ್ಕರೆ ಹಾಕಿ ಕಲಕಿರಿ, ಎಲ್ಲಾ ಕರಗೂದಿಲ್ಲ. ಒಲಿಯಿಂದ ಇಳಿಸಿ, ಬಿಸಿ ಇರುವಾಗಲೇ ರಸ ಹೊಯ್ಯಿರಿ, ಉಳಿದದ್ದು ಕರಗತೈತಿ. ರಸ ಕುದಿಸಬ್ಯಾಡ್ರಿ. ಸಿಪ್ಪೆ, ಬೀಜ ಜಜ್ಜಿದರೂ ಕಹಿ ಬರತೈತಿ. ಸ್ಟೀಲ್ ಪಾತ್ರೆಯೇ ಬೇಕು, ಹಿತ್ತಾಳಿ, ಅಲ್ಯುಮಿನಿಯಂ ಬ್ಯಾಡ. ಬಾಟ್ಲಿ ನೀರಾಗ ಕುದಿಸಿ, ಒಣಗಿಸಿ ತುಂಬಬೇಕು. ಸುಮಾರು ಮೂರು ಲೀಟರ್ ಆಗತೈತಿ. ಗ್ಲಾಸಿಗೆ 30 ಮಿಲಿ ಹಾಕಿದರೆ ನೂರು ಗ್ಲಾಸು.

ಈ ವಿದ್ಯೆ ಹಳೇದು. ಸ್ಕಾಟ್ಲೆಂಡಿನ ಲೀತ್ ಬಂದರದ ಲಾಕ್ಲನ್ ರೋಸ್ ಎಂಬಾತ 1867ರಲ್ಲಿ, ಮದ್ಯ ಬೆರೆಸದೆ ನಿಂಬೆರಸ ಕೆಡದಂತೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಡಗಿನವರಿಗೆ ಒಸಡಿನ ರೋಗ ಬರದಿರಲೆಂದು ಈ ರಸ. ಅದೇ ಸಿಹಿ ನಿಂಬೆ ಸಿರಪ್ಪನ್ನು ಜಿನ್ ಎಂಬ ಮದ್ಯಕ್ಕೆ ಬೆರೆಸಿದರೆ ಗಿಮ್ಲೆಟ್ ಎಂಬ ಹೆಸರಾಂತ ಕಾಕ್‌ಟೇಲ್. ಮದ್ಯ ಬ್ಯಾಡೆಂದು ಮಾಡಿದ್ದು ಕಡೀಗೆ ಮದ್ಯಕ್ಕೇ ಹೋಯಿತು! ನಾನಂತೂ ಗೋಲಿ ಸೋಡಾದವ. ಸಿರಪ್ ಮೊದಲು, ಚಿಟಿಕಿ ಉಪ್ಪು, ಹುರಿದ ಜೀರಿಗಿ ಪುಡಿ, ಮ್ಯಾಲೆ ಸೋಡಾ ಮೆಲ್ಲಗೆ. ಜೋರಾಗಿ ಕಲಕಿದರೆ ಗ್ಯಾಸು ಹಾರತೈತಿ.

ಸೊಗದೆ ಬೇರಿನ ಸಿರಪ್ಪಿಗೆ ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಬೀಗರೂ ಕೇಳತಾರ. ಬೇರಿಗಾಗಿ ಕಪ್ಪತಗುಡ್ಡಕ್ಕೆ ಹೋಗಬ್ಯಾಡ್ರಿ. ಅದು 2019ರಿಂದ ವನ್ಯಜೀವಿ ಧಾಮ, ಬೇರು ಕೀಳುವುದು ಅಪರಾಧ. ಬೇರು ಕಿತ್ತರೆ ಬಳ್ಳಿಯೇ ಹೋಗತೈತಿ. ನಾನು ಬೇಲಿಗುಂಟ ಹಚ್ಚಿದ್ದೆ, ಎರಡೂವರೆ ವರ್ಷಕ್ಕೆ ಬೇರು ಸಿಕ್ಕಿತು. ಘಮ ಇರುವುದು ಸಿಪ್ಪೆಯಲ್ಲಿ, ಒಳಗಿನ ಕಟ್ಟಿಗೆಯಲ್ಲಿ ಅಲ್ಲ. 100 ಗ್ರಾಂ ಜಜ್ಜಿ, ಒಂದು ಲೀಟರ್ ಬಿಸಿನೀರಿನಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟು ಸೋಸಿ, 2 ಕಿಲೋ ಸಕ್ಕರೆ, ಎರಡು ನಿಂಬೆ ರಸ. ಬೇರು ಕುದಿಸಿದರೆ ಘಮ ಓಣಿಗೆಲ್ಲ, ಬಾಟ್ಲಿಗಿಲ್ಲ.

ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು. ನಾವು ಮಾಡಿಸಿ, ಹೋದ ಬ್ಯಾಸಗಿ ಮದುವೆ ಮನೆಗಳಿಗೆ ಕೊಟ್ಟೆವು. ಎಂಟು ಗಿಡದ ಹಣ್ಣು ಒಂದೂ ಕೊಳೆಯಲಿಲ್ಲ.

ಒಂದು ತೊಂದರೆ ಉಳಿದೈತಿ. ನಿಂಬೆ ಸಿರಪ್ ಆರು ತಿಂಗಳಿಗೆ ಕಂದು ಬಣ್ಣಕ್ಕೆ ತಿರುಗತೈತಿ, ರುಚಿಯೂ ತುಸು ಇಳಿಯತೈತಿ. ಕತ್ತಲೆಯಲ್ಲಿ, ತಂಪಿನಲ್ಲಿ ಇಟ್ಟರೆ ನಿಧಾನವಾಗಿ ತಿರುಗತೈತಿ, ನಿಲ್ಲೂದಿಲ್ಲ. ಪುಡಿ ಗಿಡಿ ಹಾಕದೆ ಇದನ್ನು ತಡೆದ ರೈತರಿದ್ದರೆ ಪತ್ರಿಕೆಗೆ ಬರೆಯಿರಿ.