ಯಕ್ಸಂಬಾದ ಮಲ್ಲ, ದಿಲ್ಲಿಯ ಕಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರಿನೊಡನೆ ಕುಸ್ತಿಯೂ ಇರಬೇಕು. ಹಲಗೆಯ ಪೆಟ್ಟು ಬಿರುಸಾದಂತೆ ಮಲ್ಲರು ತೊಡೆ ತಟ್ಟಿ ಕಣಕ್ಕಿಳಿಯುತ್ತಾರೆ. ಮೊದಲು ಹುಡುಗರ ಜೋಡಿ, ಹೊತ್ತು ಇಳಿದ ಮೇಲೆ ಹೆಸರಾಂತ ಪೈಲ್ವಾನರದು. ಗೆದ್ದವನಿಗೆ ಬೆಳ್ಳಿಯ ಕಡೆ. ಆದರೆ ಬೆಳ್ಳಿಯ ಕಡೆಯೊಂದರಿಂದ ವರ್ಷವಿಡೀ ಹಾಲು, ತುಪ್ಪ, ಬಾದಾಮಿಗಳ ಖುರಾಕು ಸಾಗುವುದೆಂತು? ಕುಸ್ತಿಯನ್ನೇ ನೆಚ್ಚಿದ ಗಡಿನಾಡಿನ ತರುಣರ ಕಣ್ಣು ಕೊಲ್ಲಾಪುರದ ಮೇಲೆ ನೆಟ್ಟಿರುತ್ತಿತ್ತು.

ಅಲ್ಲಿನ ದೊರೆ ಶಾಹೂ ಮಹಾರಾಜರು 1902ರ ಯುರೋಪು ಪ್ರವಾಸದಲ್ಲಿ ರೋಮಿನ ಪ್ರಾಚೀನ ಕ್ರೀಡಾರಂಗವನ್ನು ಕಂಡು ಬಂದವರು. 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನ ಆ ನೆನಪಿನ ಫಲ. ಮಲ್ಲರಿಗೆ ಅರಮನೆಯೇ ಆಸರೆಯಾಗಿದ್ದ ಕಾಲವದು.

ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರಿಗೆ ಆ ಭಾಗ್ಯ ಪೂರ್ಣವಾಗಿ ಒದಗಲಿಲ್ಲ. ಅವರಿನ್ನೂ ಎಳೆಯರಿದ್ದಾಗಲೇ, 1949ರಲ್ಲಿ, ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಗರಡಿಯ ಕೆಮ್ಮಣ್ಣು ಉಳಿಯಿತು, ದಂಡ ಬಸ್ಕಿಗಳು ಉಳಿದವು. ಮಲ್ಲನನ್ನು ಸಾಕುವ ದೊರೆ ಮಾತ್ರ ಇಲ್ಲವಾದ. ಇನ್ನು ಪ್ರೇಕ್ಷಕನೇ ಪ್ರಭು.

ಈ ಹೊಸ ಪ್ರಭುವಿನ ಸೇವೆ ಸುಲಭವಲ್ಲ. ಮೈಗೆ ಎಣ್ಣೆ ಸುರಿದುಕೊಂಡು ಸೆಣಸುವ ತುರ್ಕಿ ಮಲ್ಲರಲ್ಲಿ ಮೇಲೆನಿಸಿದ ಯೂಸುಫ್ ಇಸ್ಮಾಯಿಲ್ ಅದನ್ನು ಬಹು ಹಿಂದೆಯೇ ಕಂಡಿದ್ದ. ಪ್ಯಾರಿಸಿನಲ್ಲಿ ಹಣಕ್ಕಾಗಿ ಕಾದಿ, 1898ರಲ್ಲಿ ನ್ಯೂಯಾರ್ಕಿಗೆ ಹೋದ. ಅಲ್ಲಿ ಎದುರಾಳಿ ರೋಬರನನ್ನು ವೇದಿಕೆಯಿಂದಲೇ ಕೆಳಕ್ಕೆ ನೂಕಿ ಜನರ ಸಿಟ್ಟಿಗೆ ಗುರಿಯಾದ. ಅದೇ ಜುಲೈಯಲ್ಲಿ, ಮರಳುವ ದಾರಿಯಲ್ಲಿ, ಲಾ ಬೂರ್ಗೋನ್ ಹಡಗಿನೊಡನೆ ಕಡಲಿನ ಪಾಲಾದ.

ಖಂಚನಾಳೆಯವರ ದಾರಿ ಕಡಲು ದಾಟಲಿಲ್ಲ, ಕೊಲ್ಲಾಪುರದಿಂದ ದಿಲ್ಲಿಗೆ ಸಾಗಿತು. 1959ರಲ್ಲಿ ಹಿಂದ್ ಕೇಸರಿ ಬಿರುದಿಗೆ ಅವರೆದುರು ನಿಂತವನು ಪಂಜಾಬಿನ ಬಂತಾ ಸಿಂಗ್. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಗಲಿದರೆ ಮುಗಿಯಿತು. ಹತ್ತು ವರ್ಷದ ಬೆವರು ಒಂದು ಗಳಿಗೆಯಲ್ಲಿ ಮಣ್ಣುಪಾಲು. ಗೆದ್ದವರು ಯಕ್ಸಂಬಾದ ಮಲ್ಲ.

ಅವರ ಹುಟ್ಟೂರು 1956ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಆದರೂ ಮರಾಠಿ ಪತ್ರಿಕೆಗಳಿಗೆ ಅವರು ಕೊಲ್ಲಾಪುರದ ಹಿಂದ್ ಕೇಸರಿಯೇ. ಅದರಲ್ಲಿ ತಪ್ಪೇನು? ಅನ್ನವಿಟ್ಟ ಊರಿಗೂ ಹಕ್ಕುಂಟಷ್ಟೆ. ಅವರು ಅಲ್ಲಿಯೇ ನೆಲೆಸಿ, 2020ರ ಡಿಸೆಂಬರ್ 14ರಂದು ಅಲ್ಲಿಯೇ ಕಣ್ಣು ಮುಚ್ಚಿದರು.