32 ಬಿಟ್, 64 ಬಿಟ್: ಕಂಪ್ಯೂಟರ್ ಕೊಳ್ಳುವ ಮುನ್ನ ತಿಳಿದಿರಲಿ

ಮಕ್ಕಳ ಕಲಿಕೆಗೆಂದು ಹಳೆಯ ಕಂಪ್ಯೂಟರೊಂದನ್ನು ಕೊಳ್ಳಲು ಹೊರಟಿದ್ದೀರಾ? ಅಂಗಡಿಯವನು "ಇದು 64 ಬಿಟ್, ಡಬಲ್ ಸ್ಪೀಡ್" ಎಂದು ಹೊಗಳಬಹುದು. ಮನೆಗೆ ತಂದ ಮೇಲೆ ನಿಮ್ಮ ಹಳೆಯ ಪ್ರಿಂಟರ್ ಅದರಲ್ಲಿ ಕೆಲಸ ಮಾಡದಿರಬಹುದು. ಅಥವಾ ಮಗಳ ಕಾಲೇಜಿನವರು ಹೇಳಿದ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗದೇ ಇರಬಹುದು. ಯಂತ್ರ ಕೆಟ್ಟಿರುವುದಿಲ್ಲ, ಸಾಫ್ಟ್‌ವೇರ್ ಕೂಡಾ ಕೆಟ್ಟಿರುವುದಿಲ್ಲ. ಒಂದಕ್ಕೊಂದು ಹೊಂದುವುದಿಲ್ಲ, ಅಷ್ಟೇ. ಈ ಬಿಟ್‌ಗಳ ಲೆಕ್ಕ ತಿಳಿದಿದ್ದರೆ ಇಂತಹ ನಷ್ಟವನ್ನು ತಪ್ಪಿಸಬಹುದು.

ಏನಿದು ಬಿಟ್?

ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಅಂಕಿಗಳು: ಸೊನ್ನೆ ಮತ್ತು ಒಂದು. ಇಂತಹ ಒಂದು ಅಂಕಿಯ ಸ್ಥಾನವೇ ಬಿಟ್. ಒಂದು ಬಿಟ್‌ನಲ್ಲಿ ಎರಡು ಸಂಖ್ಯೆಗಳನ್ನು ಬರೆಯಬಹುದು. ಎರಡು ಬಿಟ್‌ಗಳಲ್ಲಿ ನಾಲ್ಕು, ಮೂರರಲ್ಲಿ ಎಂಟು. ಹೀಗೆ ಪ್ರತಿ ಬಿಟ್ ಸೇರಿದಾಗಲೂ ಲೆಕ್ಕ ಇಮ್ಮಡಿಯಾಗುತ್ತದೆ.

ಒಂದು ಬೀದಿಯ ಮನೆಗಳಿಗೆ ಎರಡೇ ಅಂಕಿಗಳ ನಂಬರ್ ಕೊಡಬೇಕೆಂಬ ನಿಯಮವಿದೆಯೆಂದು ಭಾವಿಸಿ. 00ರಿಂದ 99ರ ವರೆಗೆ ನೂರು ಮನೆಗಳಿಗೆ ನಂಬರ್ ಸಿಗುತ್ತದೆ. ನೂರಒಂದನೇ ಮನೆ ಕಟ್ಟಿದರೂ ಅಂಚೆಯವನಿಗೆ ಅದರ ವಿಳಾಸ ಸಿಗದು. ಕಂಪ್ಯೂಟರಿನ ಮೆಮೊರಿಯ ಕೋಣೆಗಳಿಗೂ ಹೀಗೆಯೇ ನಂಬರ್ ಇದೆ. 32 ಬಿಟ್‌ಗಳಲ್ಲಿ 4,29,49,67,296 ನಂಬರ್‌ಗಳು ಮಾತ್ರ ಸಾಧ್ಯ. ಅಂದರೆ 4 ಜಿಬಿ. ಮನೆಬಳಕೆಯ 32 ಬಿಟ್ ವಿಂಡೋಸ್ ಇರುವ ಯಂತ್ರಕ್ಕೆ 8 ಜಿಬಿ ರ್‍ಯಾಮ್ ಹಾಕಿಸಿದರೆ, 4 ಜಿಬಿ ಮೀರಿದ ಭಾಗಕ್ಕೆ ಕೊಟ್ಟ ಹಣ ವ್ಯರ್ಥ. 64 ಬಿಟ್‌ನಲ್ಲಿ ಈ ಮಿತಿಯಿಲ್ಲ. ಹಾಗೆಂದು ವೇಗ ಇಮ್ಮಡಿಯಾಗುತ್ತದೆ ಎಂಬುದು ಸರಿಯಲ್ಲ.

ಹಳೆಯದನ್ನು ಕೈಬಿಡದ ಹೊಸತು

ಇಂಟೆಲ್ ಕಂಪೆನಿಯ 8086 ಎಂಬ 16 ಬಿಟ್ ಪ್ರೊಸೆಸರ್ ಬಂದದ್ದು 1978ರಲ್ಲಿ. 1985ರಲ್ಲಿ ಅದೇ ಕಂಪೆನಿಯ 32 ಬಿಟ್‌ನ 80386 ಬಂತು. 2001ರಲ್ಲಿ ಇಂಟೆಲ್ ಇಟಾನಿಯಂ ಎಂಬ 64 ಬಿಟ್ ಪ್ರೊಸೆಸರನ್ನು ಹೊರತಂದಿತು. ಅದರ ವಿನ್ಯಾಸವೇ ಬೇರೆಯಾಗಿದ್ದುದರಿಂದ ಜನರ ಬಳಿಯಿದ್ದ ಹಳೆಯ ಸಾಫ್ಟ್‌ವೇರ್‌ಗಳು ಅದರಲ್ಲಿ ಕುಂಟುತ್ತಾ ಓಡಿದವು. 2003ರಲ್ಲಿ ಎಎಂಡಿ ಕಂಪೆನಿ ಬೇರೆ ದಾರಿ ಹಿಡಿಯಿತು. ಹಳೆಯ 32 ಬಿಟ್ ಆಜ್ಞೆಗಳನ್ನು ಹಾಗೆಯೇ ಉಳಿಸಿಕೊಂಡು 64 ಬಿಟ್‌ಗೆ ವಿಸ್ತರಿಸಿತು. ಗೆದ್ದದ್ದು ಇದೇ ದಾರಿ. ಇಂಟೆಲ್ ಕೂಡಾ ಬಳಿಕ ಇದನ್ನೇ ಅನುಸರಿಸಿತು.

ಯಾವುದು ಯಾವುದರಲ್ಲಿ ನಡೆಯುತ್ತದೆ?

ಪ್ರೊಸೆಸರ್, ವಿಂಡೋಸ್, ಸಾಫ್ಟ್‌ವೇರ್ ಈ ಮೂರೂ ಹೊಂದಿಕೊಳ್ಳಬೇಕು. ನೆನಪಿಡಬೇಕಾದ ನಿಯಮಗಳು ಇಷ್ಟೇ:

* 64 ಬಿಟ್ ಪ್ರೊಸೆಸರ್‌ನಲ್ಲಿ 32 ಬಿಟ್ ವಿಂಡೋಸ್ ನಡೆಯುತ್ತದೆ. 32 ಬಿಟ್ ಪ್ರೊಸೆಸರ್‌ನಲ್ಲಿ 64 ಬಿಟ್ ವಿಂಡೋಸ್ ನಡೆಯದು.
* 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ನಡೆಯುತ್ತವೆ. ಆದರೆ ತೊಂಬತ್ತರ ದಶಕದ 16 ಬಿಟ್ ಪ್ರೋಗ್ರಾಂಗಳು ನಡೆಯವು.
* ಪ್ರಿಂಟರ್, ಸ್ಕ್ಯಾನರ್‌ಗಳನ್ನು ನಡೆಸುವ ಡ್ರೈವರ್‌ಗೆ ಈ ರಿಯಾಯಿತಿ ಇಲ್ಲ. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರೇ ಬೇಕು. ಹಳೆಯ ಪ್ರಿಂಟರ್ ಮೂಲೆ ಸೇರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ನಿಮ್ಮ ಫೋಟೋ, ಪತ್ರ, ಹಾಡುಗಳ ಫೈಲ್‌ಗಳಿಗೆ ಈ ಭೇದವಿಲ್ಲ. ಅವು ಎರಡರಲ್ಲೂ ತೆರೆದುಕೊಳ್ಳುತ್ತವೆ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಬಿಟ್ ಅನ್ನು ದೂರಬೇಡಿ. ಅಲ್ಲಿ ಇಲ್ಲದಿರುವುದು ಆ ಫಾಂಟ್.

ಪರೀಕ್ಷಿಸುವುದು ಹೇಗೆ?

ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್ ಆಯ್ದು, ಅಬೌಟ್ ಒತ್ತಿರಿ. 'ಸಿಸ್ಟಮ್ ಟೈಪ್' ಎಂಬ ಸಾಲಿನಲ್ಲಿ ವಿಂಡೋಸ್ ಮತ್ತು ಪ್ರೊಸೆಸರ್ ಎರಡರ ವಿವರವೂ ಇರುತ್ತದೆ. ಪ್ರೊಸೆಸರ್ 'ಎಕ್ಸ್64' ಎಂದಿದ್ದು ವಿಂಡೋಸ್ ಮಾತ್ರ 32 ಬಿಟ್ ಎಂದಿದ್ದರೆ ಹೊಸ ಯಂತ್ರಕ್ಕೆ ಅವಸರ ಬೇಡ. ಅದರಲ್ಲೇ 64 ಬಿಟ್ ವಿಂಡೋಸ್ ಹಾಕಿಸಲು ಸಾಧ್ಯವಿದೆ. ಆದರೆ ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಲಾಗದು, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಆದ್ದರಿಂದ ಮೊದಲು ಫೋಟೋ, ದಾಖಲೆಗಳನ್ನೆಲ್ಲಾ ಪೆನ್‌ಡ್ರೈವ್‌ಗೋ ಬೇರೆ ಡಿಸ್ಕ್‌ಗೋ ನಕಲು ಮಾಡಿಡಿ.

2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಅದಕ್ಕೆ 64 ಬಿಟ್ ಪ್ರೊಸೆಸರ್ ಇದ್ದರಷ್ಟೇ ಸಾಲದು. ಪ್ರೊಸೆಸರ್ ಇತ್ತೀಚಿನದೂ ಆಗಿರಬೇಕು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಹಳೆಯ 32 ಬಿಟ್ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದು ಒಳ್ಳೆಯದು. ಆದರೆ ಇಂಟರ್‌ನೆಟ್ ಜೋಡಿಸದೆ ಮಕ್ಕಳಿಗೆ ಟೈಪಿಂಗ್ ಕಲಿಸಲು, ಮನೆಯ ಲೆಕ್ಕ ಬರೆಯಲು ಅದು ಈಗಲೂ ಸಾಕು. ಅದನ್ನು ಗುಜರಿಗೆ ಹಾಕಬೇಕಿಲ್ಲ.

ಕೊಳ್ಳುವಾಗ ಹಣ ಕೊಡುವ ಮೊದಲೇ ಯಂತ್ರವನ್ನು ಚಾಲೂ ಮಾಡಿಸಿ ಆ ಒಂದು ಸಾಲನ್ನು ನೀವೇ ಓದಿ ನೋಡಿ. ನಿಮಗೆ ಬೇಕಾದ ಸಾಫ್ಟ್‌ವೇರ್ ಏನು ಕೇಳುತ್ತದೆ, ನಿಮ್ಮ ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂಬುದನ್ನು ವಿಚಾರಿಸಿ. ಇಷ್ಟು ಮಾಡಲು ಐದು ನಿಮಿಷ ಸಾಕು. ನಿಮ್ಮ ದುಡಿಮೆಯ ಸಾವಿರಾರು ರೂಪಾಯಿಗಳು ಉಳಿಯುತ್ತವೆ.